ಹಳೇ ಮನೆಗೆ ಹೊಸ ಸೌಕರ್ಯ ತರುವ ಮುನ್ನ

ಮೈಸೂರಿನ ಚಾಮರಾಜಪುರಂ, ಲಕ್ಷ್ಮೀಪುರಂ, ಅಗ್ರಹಾರದ ಕಡೆ ತಾತನ ಕಾಲದ ಮನೆ ಕೈಗೆ ಬಂದವರು ಮೊದಲು ಕೇಳೋದು, ಯಾವ ಟೈಲ್ಸ್ ಹಾಕಿಸಲಿ, ಫಾಲ್ಸ್ ಸೀಲಿಂಗ್ ಎಲ್ಲಿ ಬರಲಿ ಅಂತ. ಅದೆಲ್ಲ ಆಮೇಲೆ. ಒಂದು ಮಳೆಗಾಲ ಆ ಮನೆಯಲ್ಲೇ ಇದ್ದು, ನೀರು ಎಲ್ಲಿ ಇಳಿಯುತ್ತೆ, ಯಾವ ಗೋಡೆ ಬುಡದಲ್ಲಿ ತಣ್ಣಗಿರುತ್ತೆ ಅಂತ ನೋಡಿಕೊಳ್ಳಿ.

ಇವು ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು. ನೆಲದಿಂದ ಏರಿದ ತೇವ ಗಾರೆಯ ಮೂಲಕವೇ ಆರಿಹೋಗುತ್ತೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು, ಬಿಳಿ ಉಪ್ಪು ಮೂಡಿ, ಹೊಸ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತೆ. "ಸಿಮೆಂಟೇ ಗಟ್ಟಿ" ಅಂತ ಮೇಸ್ತ್ರಿ ಎಷ್ಟು ಹೇಳಿದರೂ ದಯವಿಟ್ಟು ಒಪ್ಪಬೇಡಿ. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗಿ. ಟಕ್ ಅಂದರೆ ಗಾರೆ ಹಿಡಿದಿದೆ, ಡಬ್ ಅಂದರೆ ಬಿಟ್ಟಿದೆ. ಬಿಟ್ಟ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಷ್ಟನ್ನೇ ಕೆರೆಸಿ. ಕನಿಷ್ಠ 15 ದಿನ ನೀರಲ್ಲಿ ನೆನೆದ ಸುಣ್ಣ 1 ಪಾಲು, ಮರಳು 3 ಪಾಲು ಕಲಸಿ. ಹಳಬರು ಇದಕ್ಕೆ ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು ಸೇರಿಸುತ್ತಿದ್ದರು. ತೆಳು ಪದರ ಬಳಿದು, ಒದ್ದೆ ಗೋಣಿತಾಟು ಇಳಿಬಿಟ್ಟು ನಿಧಾನವಾಗಿ ಆರಲು ಬಿಡಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವನ್ನೇ ಬಳಿಸಿ. ಬಣ್ಣ ಬೇಕಿದ್ದರೆ ಸುಣ್ಣಕ್ಕೇ ಬೆರೆಸಬಹುದು.

ಗೋಡೆ ಸರಿಹೋದ ಮೇಲೆ ಹೊಸ ಕಾಲದ್ದೆಲ್ಲ ತನ್ನಿ, ನನ್ನದೇನೂ ಅಡ್ಡಿಯಿಲ್ಲ. ಹಳೇ ವೈರಿಂಗ್ ಪೂರ್ತಿ ತೆಗೆಸಿ, ಅರ್ಥಿಂಗ್ ಇರುವ ಹೊಸದು ಹಾಕಿಸಲೇಬೇಕು. ಆದರೆ ಗೋಡೆ ಕೊರೆದು ಪೈಪ್ ಹೂಳುವುದು ಬೇಡ, ಮೇಲೆಯೇ ಸಣ್ಣ ಪೈಪ್ ಓಡಿಸಿದರೆ ನೋಡಲೂ ಚೆಂದ. ಮಾಡ್ಯುಲರ್ ಕಿಚನ್ನನ್ನು ಕಾಲಿನ ಮೇಲೆ ನಿಲ್ಲಿಸಿ, ಹಿಂದೆ ಗಾಳಿಯಾಡುವಷ್ಟು ಸಂದು ಬಿಡಿ. ಗೋಡೆಗೆ ಒತ್ತಿ ಕೂರಿಸಿದರೆ ಹಿಂದುಗಡೆ ಗೆದ್ದಲು ಹಿಡಿದದ್ದು ಗೊತ್ತೇ ಆಗೋಲ್ಲ.

ರೆಡ್ ಆಕ್ಸೈಡ್ ನೆಲವನ್ನು ಮಾತ್ರ ಮುಚ್ಚಬೇಡಿ. ಆಸಿಡ್ ಸೋಕಿಸದೆ ಒರೆಸಿ, ಕೊಬ್ಬರಿ ಎಣ್ಣೆ ನಾಲ್ಕು ಹನಿ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ, ಅದರ ಹೊಳಪಿನ ಮುಂದೆ ಯಾವ ವಿಟ್ರಿಫೈಡ್ ಟೈಲೂ ನಿಲ್ಲೋಲ್ಲ.

ತಾರಸಿಯ ವಿಷಯದಲ್ಲಿ ನನಗೆ ನಿಜವಾಗಿಯೂ ಭಯ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದದ್ದನ್ನು ಊರೆಲ್ಲ ಕಂಡಿದೆ. ಈ ಹಳೇ ಮನೆಗಳ ಮದ್ರಾಸ್ ತಾರಸಿಯಲ್ಲಿ ಇಟ್ಟಿಗೆ, ಗಾರೆ ಅಷ್ಟೂ ಭಾರ ಮರದ ಜಂತೆಗಳ ಮೇಲೆ. ಜಂತೆಯ ತುದಿ ಗೋಡೆಯೊಳಗೆ ಹೋಗುವ ಕಡೆಯೇ ಮೊದಲು ಕೊಳೆಯೋದು, ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗಿದ್ದರೆ ಇಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ. ಮೇಲೆ ನೀರಿನ ಟ್ಯಾಂಕು, ಹೊಸ ಬಾತ್‌ರೂಮು ಬೇಡವೇ ಬೇಡ. ಅವೆಲ್ಲ ಹಿತ್ತಲ ಕಡೆ ಬೇರೆ ತಳಪಾಯದ ಮೇಲೆ ಬರಲಿ.

ಇನ್ನು ತೊಟ್ಟಿ, ಅಂದರೆ ಮನೆ ನಡುವಿನ ತೆರೆದ ಅಂಗಳ. ಮಳೆಗೆ ಗಾಜು ಮುಚ್ಚಿಸುವುದಾದರೆ ಸೂರಿಗಿಂತ ಒಂದಡಿ ಎತ್ತರದಲ್ಲಿ ಕೂರಿಸಿ, ಸುತ್ತಲೂ ಜಾಲರಿ ಹಾಕಿಸಿ. ಬಿಸಿಗಾಳಿ ಹೋಗಲು ಇಡೀ ಮನೆಗೆ ಇರುವ ದಾರಿ ಅದೇ.