ವೀರ ಎದ್ದು ಬರಲಿ, ಎತ್ತಿಗೆ ಮೇವು ಮೊದಲು

ನಾನು ಬರೆಯುತ್ತಿರುವುದು ಕತ್ತಿ, ಕೋಟೆ, ಕಾಳಗ ಎಲ್ಲ ಇರುವ ಸಾಹಸದ ಕಾದಂಬರಿ. ರಾಜ್ಯ ಕಲ್ಪನೆಯದು. ಮಳೆ, ಮಣ್ಣು, ದಾರಿ ಮಾತ್ರ ನಮ್ಮ ಸಕಲೇಶಪುರ, ಬೇಲೂರು ಕಡೆಯದು. ಕಾಲ ಹೆಚ್ಚುಕಮ್ಮಿ ಹೊಯ್ಸಳರದು, ಅಂದರೆ 12-13ನೇ ಶತಮಾನ. ಅದರಲ್ಲಿ ಒಂದೇ ಒಂದು ಮಾಯೆ ಇಟ್ಟಿದ್ದೇನೆ: ಕಳ್ಳರಿಂದ ಊರಿನ ದನ ಬಿಡಿಸಲು ಹೋಗಿ ಸತ್ತ ವೀರರು, ಕರೆದರೆ ತಮ್ಮ ವೀರಗಲ್ಲಿನಿಂದ ಎದ್ದು ಬರುತ್ತಾರೆ. ಮಿಕ್ಕಿದ್ದೆಲ್ಲ ನಿಜದ ಹಾಗೇ ಇರಬೇಕು ಅನ್ನುವುದು ನನ್ನ ಹಟ.

ಮೊದಲು ಮಾಡಿದ ಕೆಲಸ, ಕಿಟಕಿಯಾಚೆ ಕಾಣುವುದನ್ನೆಲ್ಲ ಅಳಿಸಿದ್ದು. ಕಾಫಿ ಗಿಡ ಹೋಯಿತು. ಬಾಬಾಬುಡನ್ ಬೀಜ ತಂದರು ಅನ್ನುವ ಕಥೆಯೇ 17ನೇ ಶತಮಾನದ್ದು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಲಂಟಾನ ಅಮೆರಿಕದ್ದು, ಅವೂ ಹೋದವು. ಹಾಸನದ ಆಲೂಗಡ್ಡೆ ಇಲ್ಲ. ಮೆಣಸಿನಕಾಯಿ, ಟೊಮೆಟೊ ಇಲ್ಲ. ನನ್ನ ಕಥಾನಾಯಕ, ದನ ಕಾಯುವ ಹುಡುಗ, ಮುದ್ದೆಗೆ ಹುರುಳಿ ಸಾರು ಹಾಕಿಕೊಳ್ಳುತ್ತಾನೆ, ಖಾರಕ್ಕೆ ಕಾಳುಮೆಣಸು. ರಕ್ತ ಹೀರುವ ಇಂಬಳ ಹತ್ತದಿರಲಿ ಅಂತ ನಮ್ಮಜ್ಜಿ ಕಾಲಿಗೆ ಹೊಗೆಸೊಪ್ಪು, ಸುಣ್ಣ ಬಳಿಯುತ್ತಿದ್ದರು. ಹೊಗೆಸೊಪ್ಪೂ ಆಗ ಬಂದಿರಲಿಲ್ಲ! ಎಲೆ ಅಡಿಕೆ ಚೀಲದಲ್ಲಿ ಸುಣ್ಣ ಇತ್ತಲ್ಲ, ಅದೇ ಸಾಕು. ಕಾಡಿನ ನಡುವೆ ಆ ಸುಣ್ಣ ಖಾಲಿಯಾಗುವುದೇ ಒಂದು ಅಧ್ಯಾಯವಾಯಿತು. ರಾಕ್ಷಸರನ್ನು ತಂದಿದ್ದರೂ ಅಷ್ಟು ಭಯ ಹುಟ್ಟುತ್ತಿರಲಿಲ್ಲ.

ಕುದುರೆ ಕೊಡಲಿಲ್ಲ. ಒಳ್ಳೆಯ ಕುದುರೆ ಅರಬ್ಬಿ ದೇಶದಿಂದ ಹಡಗಿನಲ್ಲಿ ಕರಾವಳಿಗೆ ಬರಬೇಕಿತ್ತು, ದನ ಕಾಯುವ ಹುಡುಗನಿಗೆ ಎಲ್ಲಿಯದು? ಅವನದು ಹೇರು ಹೊರುವ ಎತ್ತು. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರ್. ಬಸ್ಸಿನಲ್ಲಿ ಕೂತರೆ ಕಣ್ಣು ಹತ್ತುವುದರೊಳಗೆ ಊರು ಬಂದಿರುತ್ತದೆ. ಹೇರು ಹೊತ್ತ ಎತ್ತಿಗೆ ಅದು ಒಂದು ದಿನದ ದಾರಿ. ಅದರಿಂದ ಕಥೆಗೆ ರಾತ್ರಿಗಳು ಸಿಕ್ಕವು. ಎಲ್ಲಿ ಮಲಗಬೇಕು, ಯಾರು ಕಾವಲು, ಎತ್ತಿಗೆ ಮೇವು ಎಲ್ಲಿ? ನನ್ನ ಪಾತ್ರಗಳು ಜಗಳವಾಡುವುದೂ ಒಂದಾಗುವುದೂ ಇಂಥ ವಿಷಯಕ್ಕೇ.

ಮಾಯೆಯ ಲೆಕ್ಕ ಸಿಕ್ಕಿದ್ದು ವೀರಗಲ್ಲುಗಳ ಎದುರು ಕೂತಾಗ. ನಮ್ಮ ಕಡೆ ಹಲವು ಕಲ್ಲುಗಳಲ್ಲಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ನನ್ನ ಕಥೆಯಲ್ಲಿ ವೀರ ಎದ್ದು ಬಂದಾಗಲೆಲ್ಲ ಮೇಲಿನ ಅಂತಸ್ತು ಸ್ವಲ್ಪ ಸವೆಯುತ್ತದೆ. ಊರನ್ನು ಉಳಿಸಲು ಅವನು ತನ್ನ ಕೈಲಾಸವನ್ನೇ ಕಳೆದುಕೊಳ್ಳಬೇಕು. ಹಾಗಾಗಿ ಹುಡುಗ ಸುಮ್ನೆ ಸುಮ್ನೆ ಕರೆಯುವ ಹಾಗಿಲ್ಲ. ಮೊದಲು ಕೈಲಿರುವ ಕೋಲು, ನಾಯಿ, ತಲೆ ಎಲ್ಲ ಉಪಯೋಗಿಸಬೇಕು.

ಈಗ ಬರೆಯುತ್ತಿರುವುದು ಆಷಾಢದ ಹೊಳೆ. ಹೇಮಾವತಿಯನ್ನು ನೋಡಿಕೊಂಡೇ ಬರೆದದ್ದು. ದನ ಕದ್ದವರು ಆಚೆ ದಡ, ಅಟ್ಟಿಸಿಕೊಂಡು ಬಂದವರು ಈಚೆ ದಡ. ಹರಿಗೋಲಿನವನು ನೀರಿಗೆ ಇಳಿಯಲ್ಲ ಅನ್ನುತ್ತಾನೆ. ಹಸ್ತಪ್ರತಿ ಓದಿದ ಗೆಳೆಯ ಕೇಳಿದ, "ಅಲ್ಲ ಮಾರಾಯ, ಕಲ್ಲಿನಿಂದ ವೀರನನ್ನು ಎಬ್ಬಿಸಿದವನಿಗೆ ಹೊಳೆ ದಾಟೋಕಾಗಲ್ವಾ?"

"ಆಗಲ್ಲ ಕಣೋ. ಆ ವೀರನಿಗೂ ಈಜು ಬರಲ್ಲ" ಅಂದೆ.