ಆಷಾಢ ದಾಟಿಸುವ ಬಂಡವಾಳ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಬಡತನ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಅರೇಬಿಕಾ ಹಣ್ಣು ಶುರುವಾಗಿ ರೋಬಸ್ಟಾ ಮುಗಿಯುವ ತನಕ ಬಟವಾಡೆಯ ದಿನ, ಅಂದರೆ ಕೂಲಿ ಹಂಚುವ ದಿನ, ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕೆಲಸ ವಾರಕ್ಕೆ ಎರಡು ದಿನವೋ ಮೂರು ದಿನವೋ. ಆಗ ಮೊದಲು ಸಂತೆಗೆ ಹೋಗುವುದು ಯಾರೋ ಕೊಟ್ಟ ಕೋಳಿ, ಆಡು. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮುಂಗಡ. ಈ ಲೈನ್‌ಗಳ ಕಡುಬಡ ಹೆಂಗಸರಿಗೆ ಆಸ್ತಿ ಕೊಟ್ಟು ಸ್ವಂತ ಕಸುಬು ಹಿಡಿಸುವುದು ನಮ್ಮ ಕೆಲಸ. ಅದಕ್ಕೇ ವ್ಯಾಪಾರ ಆರಿಸುವಾಗ ಗಿರಾಕಿ ಇದ್ದಾರೆಯೇ ಎಂಬುದು ನಮಗೆ ಎರಡನೆಯ ಪ್ರಶ್ನೆ. ಆಷಾಢದಲ್ಲಿ ಇದು ದುಡ್ಡು ಕೊಡುತ್ತದೋ, ತಿನ್ನುತ್ತದೋ ಎಂಬುದು ಮೊದಲನೆಯದು.

ಈ ಕೆಲಸದ ಚೌಕಟ್ಟು ನಮ್ಮದಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಶುರುಮಾಡಿದ್ದು: ಸಾಲವಲ್ಲದ ಒಂದು ದುಡಿಮೆಯ ಆಸ್ತಿ, ಕೆಲವು ತಿಂಗಳ ಹೊಟ್ಟೆಪಾಡಿನ ನೆರವು, ತರಬೇತಿ, ಉಳಿತಾಯ, ಮನೆಬಾಗಿಲಿಗೆ ಬರುವ ಮಾರ್ಗದರ್ಶಿ, ಒಟ್ಟು ಸುಮಾರು ಎರಡು ವರ್ಷ. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಹೊರಬಂತು. ನಾವು ಬದಲಿಸಿಕೊಂಡದ್ದು ಪಂಚಾಂಗವನ್ನಷ್ಟೇ.

ಯಾರನ್ನು ಸೇರಿಸಬೇಕು ಎಂಬುದನ್ನು ಸ್ವಸಹಾಯ ಸಂಘದ ಪುಸ್ತಕ ನೋಡಿ ತಿಳಿಯಲಾಗದು. ವಾರದ ಉಳಿತಾಯ ಕಟ್ಟಲಾಗದವಳು ಸಂಘದಲ್ಲೇ ಇರುವುದಿಲ್ಲ. ಸಂಜೆ ಆರರ ಮೇಲೆ, ಒಲೆ ಹಚ್ಚುವ ಹೊತ್ತಿಗೆ ಲೈನಿಗೆ ಹೋಗಬೇಕು. ಅಕ್ಕಪಕ್ಕದವರನ್ನು "ಯಾರು ಬಡವರು" ಎಂದರೆ ಎಲ್ಲರೂ ಬಡವರೇ. "ಯಾರಿಗೆ ನೀವು ನೂರು ರೂಪಾಯಿ ಕೈಗಡ ಕೊಡಲ್ಲ" ಎಂದು ಕೇಳಿದರೆ ಹೆಸರು ತಾನಾಗಿ ಬರುತ್ತದೆ. ಮೊದಲ ತಿಂಗಳು ಕಾಗದದ ಕೆಲಸವೇ ಆಗುತ್ತದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದವರಿಗೆ. ಚೀಟಿ ಅತ್ತೆಯ ಹೆಸರಿನಲ್ಲಿದ್ದರೆ, ಗಂಡನನ್ನು ಬಿಟ್ಟು ಬಂದ ಸೊಸೆಗೆ ಅದೂ ಇಲ್ಲ, ಅಕ್ಕಿಯೂ ಇಲ್ಲ. ವಾರದ ಕಂತಿನ ಸಾಲ ಬಾಕಿ ಇರುವವರಿಗೆ ಆ ಲೆಕ್ಕ ಒಂದು ದಾರಿಗೆ ಬರುವ ತನಕ ಆಸ್ತಿ ಕೊಡಬಾರದು. ಕೊಟ್ಟರೆ ಅದು ಎರಡೇ ಕಂತಿಗೆ ಮುಗಿಯುತ್ತದೆ.

ನಮ್ಮಲ್ಲಿ ಗಟ್ಟಿಯಾಗಿ ನಿಂತಿರುವುದು ಒಂದಕ್ಕೊಂದು ಕೊಂಡಿ ಹಾಕಿದ ಎರಡು ಕಸುಬು: ನಾಟಿಕೋಳಿ ಮತ್ತು ಒಣಮೀನು.

ಕೋಳಿಯನ್ನು ಮೇ ತಿಂಗಳಲ್ಲಿ ಹಂಚುವುದು ದೊಡ್ಡ ತಪ್ಪು. ಜಡಿಮಳೆಯಲ್ಲಿ ಹಾಸು ಒದ್ದೆಯಾಗಿ ಮರಿಗಳಿಗೆ ರಕ್ತಭೇದಿ ಹಿಡಿಯುತ್ತದೆ. ಒಂದು ಮನೆಗೆ ಐದು ಹೇಂಟೆ, ಒಂದು ಹುಂಜವನ್ನು ಆಗಸ್ಟ್ ಕೊನೆಗೆ ಕೊಡುತ್ತೇವೆ. ಗೂಡು 4 ಅಡಿ × 6 ಅಡಿ, ನೆಲದಿಂದ ಎರಡಡಿ ಎತ್ತರ. ಮುಂಗುಸಿ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ. ಸೆಪ್ಟೆಂಬರ್ ಕೊನೆಗೆ 10ರಿಂದ 12 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದರೆ 21 ದಿನಕ್ಕೆ ಮರಿ. ಯುಗಾದಿಯ ವರ್ಷತೊಡಕಿಗೆ ಹುಂಜಗಳು ಕಿಲೋ ದಾಟಿರುತ್ತವೆ, ಆ ವಾರ ಚೌಕಾಸಿ ಮಾಡುವವರೂ ಕಡಿಮೆ.

ಕೋಳಿಗಳನ್ನು ಗುಂಪುಗುಂಪಾಗಿ ಸಾಯಿಸುವುದು ಕೊಕ್ಕರೆ ರೋಗ (ರಾಣಿಖೇತ್). ಮರಿಗೆ ಏಳನೇ ದಿನ ಕಣ್ಣಿಗೆ ಲಸೋಟಾ ಎಂಬ ಲಸಿಕೆ ಒಂದು ಹನಿ, 28ನೇ ದಿನ ಮತ್ತೊಮ್ಮೆ, ಎಂಟನೇ ವಾರ ಅದೇ ರೋಗಕ್ಕೆ ಆರ್‌2ಬಿ ಎಂಬ ಚುಚ್ಚುಮದ್ದು. ತೊಡಕು ಇರುವುದು ಸೀಸೆಯಲ್ಲಿ. ಒಂದರಲ್ಲಿ ನೂರು ಅಥವಾ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕಾಗಿಯೇ ಒಂದು ಲೈನಿನ ಎಲ್ಲ ಮನೆಗಳಲ್ಲೂ ಒಂದೇ ವಾರ ಕಾವಿಗೆ ಕೂರಿಸುತ್ತೇವೆ. ಮಂಜುಗಡ್ಡೆ ಹಾಕಿದ ಫ್ಲಾಸ್ಕ್ ಇಲ್ಲದೆ ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಯುಗಾದಿಯ ದುಡ್ಡು ಮನೆಯಲ್ಲಿ ಉಳಿದರೆ ಕರಗುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಅದು ಒಣಮೀನಾಗಬೇಕು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅದೇ ಹೊತ್ತಿಗೆ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಲಾರಿಯೂ ನಿಲ್ಲುತ್ತದೆ. ಹೊರಗೆ ಜಡಿಮಳೆ, ಒಳಗೆ ಗಂಜಿ. ನಂಚಿಕೊಳ್ಳಲು ಒಣಮೀನು ಬೇಕೇಬೇಕು. ಮೂವರು ಸೇರಿ ಒಂದೇ ವ್ಯಾಪಾರ, ಒಬ್ಬಳು ಮಂಗಳೂರಿಗೆ ಹೋಗಿ ಬರುತ್ತಾಳೆ. ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ಮೀನನ್ನು ಪ್ಲಾಸ್ಟಿಕ್ ಒಳಪದರವಿರುವ ಎರಡು ಗೋಣಿಯಲ್ಲಿ ಕಟ್ಟದಿದ್ದರೆ ಕಂಡಕ್ಟರ್ ಇಳಿಸಿದರೂ ಬೈಯುವಂತಿಲ್ಲ. ಕೊಳ್ಳುವಾಗ ಬಗ್ಗಿಸಿ ನೋಡಬೇಕು: ಒಣಗಿದ್ದು ಮುರಿಯುತ್ತದೆ, ಹಸಿಯಾದದ್ದು ಬಾಗುತ್ತದೆ. ಹಸಿಯಿದ್ದರೆ ಹದಿನೈದು ದಿನಕ್ಕೆ ಬೂಷ್ಟು. ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಡುವುದು, ವಾರಕ್ಕೆ ಬೇಕಾದಷ್ಟೇ ಹೊರತೆಗೆದು 100 ಗ್ರಾಂ ಪೊಟ್ಟಣ ಕಟ್ಟುವುದು.

ಮಾರ್ಗದರ್ಶಿಗೆ ನಿಜವಾದ ಕೆಲಸ ಇಲ್ಲಿಂದ ಶುರು. ಕಿಲೋಗೆ 200ರಂತೆ 20 ಕಿಲೋ ತಂದರು ಎನ್ನಿ, ಲಗೇಜು, ಆಟೊ ಸೇರಿ 180. ಉಪ್ಪು, ಚೂರು ಉದುರಿ ಮಾರಲು ಉಳಿಯುವುದು 18 ಕಿಲೋ. 250ಕ್ಕೆ ಮಾರಿ ಕಿಲೋಗೆ 50 ಲಾಭ ಎಂದುಕೊಳ್ಳುತ್ತಾರೆ. 4,180ನ್ನು 18ರಿಂದ ಭಾಗಿಸಿದರೆ ಕೊಂಡ ಬೆಲೆಯೇ 232. ಲಾಭ 18 ರೂಪಾಯಿ. ಓದು ಬಾರದವರಿಗೆ ಇದನ್ನು ಮೂರು ಡಬ್ಬಿಗಳಲ್ಲಿ ತೋರಿಸುತ್ತೇವೆ: ಬಂಡವಾಳ, ಮನೆ, ಉಳಿತಾಯ. ಪ್ರತಿ ಮಾರಾಟದಲ್ಲೂ ಬಂಡವಾಳದ ಡಬ್ಬಿ ಮೊದಲು ತುಂಬಬೇಕು. ಉದ್ದರಿಗೆ ಗೋಡೆಯ ಮೇಲೆ ಮನೆಗೊಂದು ಗೆರೆ, ವಸೂಲಿ ಬಟವಾಡೆಯ ಸಂಜೆಯೇ. ಮರುದಿನ ಹೋದರೆ ಕುಡಿತದ ಲೆಕ್ಕ ಮುಂದಾಗಿರುತ್ತದೆ. ಎರಡು ಬಟವಾಡೆ ತಪ್ಪಿಸಿದ ಮನೆಗೆ ಮತ್ತೆ ಉದ್ದರಿ ಇಲ್ಲ.

ಭೇಟಿ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮತ್ತೆ ವಾರಕ್ಕೊಮ್ಮೆ. ಒಬ್ಬ ಮಾರ್ಗದರ್ಶಿಗೆ 30 ಮನೆಗಿಂತ ಹೆಚ್ಚು ಕೊಟ್ಟರೆ ಭೇಟಿ ಬರೀ ಹಾಜರಿ ಪುಸ್ತಕವಾಗುತ್ತದೆ. ಡಬ್ಬಿ ಎಣಿಸುವುದು ಆ ಮನೆಯ ಹೆಂಗಸೇ, ಮಾರ್ಗದರ್ಶಿ ದುಡ್ಡು ಮುಟ್ಟಬಾರದು. ಮೊದಲ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಮನೆಗೆ ದಿನಸಿ ಕೊಡುತ್ತೇವೆ, ನಗದಲ್ಲ. ಕೆಲವರಿಗೆ ಇದು ದಾನದಂತೆ ಕಾಣುತ್ತದೆ. ಅಕ್ಕಿ ಇಲ್ಲದ ಮನೆಯಲ್ಲಿ ಬಂಡವಾಳದ ಡಬ್ಬಿ ಮುಚ್ಚಿರುತ್ತದೆ ಎಂದು ನಾವಂತೂ ನಂಬುವುದಿಲ್ಲ.

ಒಣಮೀನು ಭೀಮನ ಅಮಾವಾಸ್ಯೆಯೊಳಗೆ ಖಾಲಿಯಾಗಬೇಕು. ಶ್ರಾವಣ ಹಿಡಿದರೆ ಅರ್ಧ ಲೈನು ಮಾಂಸ ಮೀನು ಬಿಡುತ್ತದೆ, ಆಗಸ್ಟ್ ಬಂದರೆ ಹಸಿಮೀನಿನ ಗಾಡಿಯೂ ಬರುತ್ತದೆ. ಉಳಿದರೆ ಅಸಲಿಗೇ ಕೊಟ್ಟುಬಿಡಬೇಕು. ಚೂರನ್ನು ಮಾತ್ರ ಕೋಳಿಗೆ ಹಾಕಬೇಡಿ. ಉಪ್ಪು ಏರಿ ಕೋಳಿ ಸಾಯುತ್ತದೆ.