ಒಂದು ಡೆಸ್ಕ್‌ಟಾಪು, ಏಳು ಲಾಗಿನ್ನು: ನನ್ನ ಅನುಭವ

ಮುಂಬೈಯ ಮಾಟುಂಗಾದಿಂದ ಮುಲುಂಡ್‌ವರೆಗಿನ ಹದಿನೈದು-ಹದಿನಾರು ಉಡುಪಿ ಹೋಟೆಲುಗಳ ಲೆಕ್ಕ ಬರೆಯುವ ಆಫೀಸು ನಮ್ಮದು. ಇರುವುದು ಒಂದೇ ಡೆಸ್ಕ್‌ಟಾಪು, ಅದರಲ್ಲಿ ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್). ಎರಡು ಪಾಳಿ, ಏಳು ಜನ. ಇಲ್ಲಿ ಖಾತೆ ಎಂದರೆ ಲೆಡ್ಜರ್ ಎಂದೇ ಅರ್ಥವಾಗುವುದರಿಂದ ಕಂಪ್ಯೂಟರಿನ ಬಳಕೆದಾರ ಖಾತೆಗೆ ಲಾಗಿನ್ನು ಎಂದೇ ಬರೆಯುತ್ತೇನೆ. ಏಳು ಜನರಿಗೂ ಬೇರೆ ಬೇರೆ ಲಾಗಿನ್ನು ಕೊಟ್ಟು, ಕೆಲಸದ ಫೈಲು ಮಾತ್ರ ಹಂಚಿಕೊಳ್ಳುವ ಹಾಗೆ ಮಾಡಿದ ಕಥೆ ಇದು.

“ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕಲ್ಲ ಮಾರಾಯ್ರೆ” ಎಂದವರೇ ಹೆಚ್ಚು. ಇನ್ನೊಬ್ಬರು ಸರ್ವರ್ ಹಾಕಿಸಿ ಎಂದು ಐವತ್ತೈದು ಸಾವಿರದ ಹತ್ತಿರ ಕೊಟೇಶನ್ ಇಟ್ಟರು, ವರ್ಷದ ಮೇಂಟೆನೆನ್ಸ್ ಬೇರೆ. ನನಗೆ ತಗಲಿದ್ದು ಐದು ಸಾವಿರದ ಆಸುಪಾಸು: ಲ್ಯಾಮಿಂಗ್ಟನ್ ರೋಡಿನ ಒಂದು 500 ಜಿಬಿ ಎಸ್‌ಎಸ್‌ಡಿ, ಒಂದು 8 ಜಿಬಿ ರ‍್ಯಾಮ್. ರ‍್ಯಾಮ್ ಬೇಕೇ ಬೇಕು. ಬೆಳಗಿನ ಪಾಳಿಯವರು ಲಾಗ್‌ಔಟ್ ಮಾಡುವುದಿಲ್ಲ, ಸ್ವಿಚ್ ಯೂಸರ್ ಒತ್ತಿ ಎದ್ದು ಹೋಗುತ್ತಾರೆ. 4 ಜಿಬಿಯಲ್ಲಿ ಮೂರನೆಯವರು ಬಂದು ಕೂತಾಗ ಮೌಸ್ ಸಹ ಸರಿಯುತ್ತಿರಲಿಲ್ಲ.

ಒಂದೇ ಕೆಲಸದವರಿಗೆ ಒಂದೇ ಹಕ್ಕು ಕೊಡುವ ಗುಂಪು ಮೂರೇ: ಗಲ್ಲಾ, ಖರೀದಿ, ಪಗಾರ. ಎಸ್‌ಆರ್‌ವಿ (/srv) ಡೈರೆಕ್ಟರಿಯೊಳಗೆ ಒಂದೊಂದಕ್ಕೆ ಒಂದು ಫೋಲ್ಡರು, ಮೋಡ್ (ಹಕ್ಕಿನ ಸಂಖ್ಯೆ) 2770: ಒಡೆಯನಿಗೂ ಗುಂಪಿಗೂ ಪೂರ್ತಿ ಹಕ್ಕು, ಉಳಿದವರಿಗೆ ಏನೂ ಇಲ್ಲ. ಮೊದಲಿನ 2 ಇದ್ದರೆ ಒಳಗೆ ಹುಟ್ಟುವ ಫೈಲಿಗೆ ಫೋಲ್ಡರಿನ ಗುಂಪೇ ಬರುತ್ತದೆ. ಅಷ್ಟರಿಂದ ಮುಗಿಯಿತು ಅಂದುಕೊಂಡರೆ ಮುಗಿಯಲಿಲ್ಲ.

ಮೊದಲ ಏಟು ನನ್ನದೇ ಅತಿಬುದ್ಧಿಯಿಂದ. ಎಲ್ಲರ ಪ್ರೈಮರಿ ಗುಂಪನ್ನೇ (ಲಾಗಿನ್ನಿನ ಮುಖ್ಯ ಗುಂಪು) ಗಲ್ಲಾ ಮಾಡಿಬಿಟ್ಟೆ. ಉಬುಂಟುವಿನಲ್ಲಿ ಬಳಕೆದಾರನ ಹೆಸರೂ ಪ್ರೈಮರಿ ಗುಂಪಿನ ಹೆಸರೂ ಒಂದೇ ಇದ್ದರೆ ಯುಮಾಸ್ಕ್ (ಹೊಸ ಫೈಲಿಗೆ ಯಾವ ಹಕ್ಕು ಬೇಡ ಎನ್ನುವ ಸಂಖ್ಯೆ) 002, ಬೇರೆಯಾದರೆ 022. 022 ಇದ್ದರೆ ಗುಂಪಿಗೆ ಬರೆಯುವ ಹಕ್ಕು ಹೋಗುತ್ತದೆ. ಅಂದರೆ ಒಬ್ಬರು ಬರೆದ ಶೀಟು ಇನ್ನೊಬ್ಬರಿಗೆ ಓದಲಷ್ಟೇ ಸಿಗುತ್ತದೆ, ತಿದ್ದಲು ಬರುವುದಿಲ್ಲ. ಸಂಜೆ ಪಾಳಿಯವರು ‘ರೀಡ್ ಓನ್ಲಿ’ ಕಂಡು ಕಾಪಿ ಮಾಡಿ ಮಾಡಿ ಒಂದೇ ಹೋಟೆಲಿಗೆ ನಾಲ್ಕು ಗಲ್ಲಾ ಶೀಟು. ಎರಡು ದಿನ ಅದನ್ನು ಕೂಡಿಸುವುದರಲ್ಲೇ ಹೋಯಿತು. ಪ್ರೈಮರಿಯನ್ನು ಅವರವರ ಹೆಸರಿಗೇ ಬಿಡಿ, ಕೆಲಸದ ಗುಂಪನ್ನು ಹೆಚ್ಚುವರಿಯಾಗಿ ಸೇರಿಸಿ.

ಸೇರಿಸುವಾಗ ಎರಡನೆಯ ಏಟು. ಲಾಗಿನ್ನು ತಿದ್ದುವ ಯೂಸರ್‌ಮಾಡ್ (usermod) ಆದೇಶಕ್ಕೆ ದೊಡ್ಡ ಜಿ (-G) ಕೊಟ್ಟು ಸಣ್ಣ ಎ (-a) ಮರೆತರೆ ಹಳೆಯ ಹೆಚ್ಚುವರಿ ಗುಂಪೆಲ್ಲ ಹಾರಿಹೋಗುತ್ತವೆ, ಅಡ್ಮಿನ್ ಹಕ್ಕು ಕೊಡುವ ಸುಡೋ ಸಮೇತ. ಅಡ್ಮಿನ್ ಅಡ್ಮಿನ್ನಾಗಿ ಉಳಿಯಲಿಲ್ಲ. ರಿಕವರಿ ಮೋಡ್‌ನ ರೂಟ್ ಶೆಲ್‌ಗೆ (ಪೂರ್ಣ ಹಕ್ಕಿನ ಆದೇಶ ಪರದೆ) ಹೋಗಿ, ಡಿಸ್ಕನ್ನು ಬರೆಯುವ ಹಾಗೆ ರೀಮೌಂಟ್ ಮಾಡಿ, ಸುಡೋಗೆ ಮತ್ತೆ ಸೇರಿಸಬೇಕಾಯಿತು. ಆಮೇಲಿಂದ ಅಡ್ಮಿನ್ ಲಾಗಿನ್ನು ಎರಡು ಇಟ್ಟಿದ್ದೇನೆ, ಒಂದನ್ನು ದಿನದ ಕೆಲಸಕ್ಕೆ ಮುಟ್ಟುವುದಿಲ್ಲ. ಇನ್ನೊಂದು: ಗುಂಪು ಸೇರಿಸಿದ್ದು ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಬಂದ ಮೇಲೇ ಹತ್ತುವುದು. ಸ್ವಿಚ್ ಯೂಸರ್ ಗಿರಾಕಿಗಳಿಗೆ ಇದನ್ನು ಹತ್ತು ಸಲ ಹೇಳಬೇಕು.

ಕೊನೆಗೆ ಕೈಹಿಡಿದದ್ದು ಎಸಿಎಲ್, ಅಂದರೆ ಫೈಲು ಫೋಲ್ಡರಿನ ಮೇಲೆ ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ. ಫೋಲ್ಡರಿಗೆ ಸೆಟ್‌ಎಫ್‌ಎಸಿಎಲ್ (setfacl) ಆದೇಶದಿಂದ ಡೀಫಾಲ್ಟ್ ಎಂದು ಗುಂಪಿನ ಆರ್‌ಡಬ್ಲ್ಯುಎಕ್ಸ್ (ಓದು, ಬರೆ, ಓಡಿಸು) ಹಾಕಿದರೆ ಒಳಗೆ ಹುಟ್ಟುವ ಫೈಲಿನ ಮಟ್ಟಿಗೆ ಯುಮಾಸ್ಕ್ ಏನಿದ್ದರೂ ಲೆಕ್ಕಕ್ಕಿಲ್ಲ. ಆದರೆ ಡೀಫಾಲ್ಟ್ ಹೊಸ ಫೈಲಿಗೆ ಮಾತ್ರ. ಹಳೆಯದಕ್ಕೆ ಬೇರೆಯಾಗಿ, ಡೀಫಾಲ್ಟ್ ಇಲ್ಲದೆ, ದೊಡ್ಡ ಎಕ್ಸ್ ಕೊಟ್ಟು ಒಮ್ಮೆ ಓಡಿಸಬೇಕು. ಸಣ್ಣ ಎಕ್ಸ್ ಕೊಟ್ಟರೆ ಶೀಟುಗಳಿಗೆಲ್ಲ ಎಕ್ಸಿಕ್ಯೂಟ್ ಅಂಟುತ್ತದೆ. ಆ ಮೇಲೆ ಯಾರೂ ಆ ಫೈಲುಗಳ ಮೇಲೆ ಸಿಎಚ್‌ಮಾಡ್ (ಮೋಡ್ ಬದಲಿಸುವ ಆದೇಶ) ಓಡಿಸಬಾರದು: 700 ಎಂದರೆ ಎಸಿಎಲ್ ಮಾಸ್ಕ್ (ಗುಂಪಿಗೆ ಸಿಗುವ ಹಕ್ಕಿನ ಮಿತಿ) ಸೊನ್ನೆ, ಗುಂಪಿನ ಹಕ್ಕು ಕಾಗದದ ಮೇಲಷ್ಟೇ.

ಎಸಿಎಲ್‌ಗೂ ಸಿಗದ ಕಳ್ಳ ಒಬ್ಬನಿದ್ದಾನೆ, ಕಟ್ ಪೇಸ್ಟ್. ಕಾಪಿ ಮಾಡಿದರೆ ಹೊಸ ಫೈಲು, ನಿಯಮ ಹತ್ತುತ್ತದೆ. ಅದೇ ಪಾರ್ಟಿಶನ್ನಿನೊಳಗೆ ಡೌನ್‌ಲೋಡ್ಸ್‌ನಿಂದ ಕಟ್ ಮಾಡಿ ತಂದದ್ದು ಬರೀ ಜಾಗ ಬದಲಿಸಿದ ಹಳೆಯ ಫೈಲು, ಹಳೆಯ ಗುಂಪನ್ನೇ ಹೊತ್ತು ಬರುತ್ತದೆ. ಇದಕ್ಕೆ ಗುಂಪು ಮತ್ತು ಎಸಿಎಲ್ ಸರಿಪಡಿಸುವ ಸಣ್ಣ ಸ್ಕ್ರಿಪ್ಟ್ ಬರೆದು ರಾತ್ರಿ ಎರಡಕ್ಕೆ ಕ್ರಾನ್‌ನಲ್ಲಿಟ್ಟೆ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ). ರಾತ್ರಿ ಎರಡಕ್ಕೆ ಮೆಶೀನು ಆಫ್ ಆಗಿರುತ್ತದೆ ಎಂಬುದು ವಾರ ಕಳೆದ ಮೇಲೆ ಹೊಳೆಯಿತು! ಈಗ ಮಧ್ಯಾಹ್ನ ಎರಡಕ್ಕೆ, ಊಟದ ಹೊತ್ತಿಗೆ. ಸ್ಕ್ರಿಪ್ಟು ಹನ್ನೊಂದು ಸಾಲು. ಪೂರ್ತಿ ಕೊಡುವುದಿಲ್ಲ, ಮೇಲಿನದು ಗೊತ್ತಿದ್ದವರು ಅರ್ಧ ಗಂಟೆಯಲ್ಲಿ ಬರೆಯುತ್ತಾರೆ.

ಒಬ್ಬೊಬ್ಬರ ಸ್ವಂತ ಹೋಮ್ ಫೋಲ್ಡರ್ ಕಡೆ ಕಣ್ಣಿಡಿ. ಉಬುಂಟು 21.04ರಿಂದ ಹೊಸ ಹೋಮ್ 750 (ಬೇರೆಯವರಿಗೆ ಕಾಣದ ಹಾಗೆ) ಆಗಿ ಹುಟ್ಟುತ್ತದೆ, ಅದಕ್ಕಿಂತ ಹಳೆಯದರಲ್ಲಿ 755. ನಮ್ಮದು 20.04ರಿಂದ ಅಪ್‌ಗ್ರೇಡ್ ಆದದ್ದು, ಹಳೆಯ ನಾಲ್ಕು ಜನರ ಹೋಮ್ ಎಲ್ಲರೂ ಇಣುಕುವ ಹಾಗೇ ಉಳಿದಿತ್ತು. ಪಗಾರದ ಪಟ್ಟಿಯ ಕರಡು ಅಲ್ಲೇ ಇತ್ತು.

ನಡುವೆ ಕೋಟಾ (ಡಿಸ್ಕ್ ಜಾಗದ ಮಿತಿ) ಹಾಕಿ ನೋಡಿದೆ, ತಲೆಗೆ 6 ಜಿಬಿ. ಒಬ್ಬರ ಹೋಮ್ ತುಂಬಿದ್ದೇ ತಡ, ಪಾಸ್‌ವರ್ಡ್ ಸರಿ ಕೊಟ್ಟರೂ ಡೆಸ್ಕ್‌ಟಾಪ್ ತೆರೆಯದೆ ಲಾಗಿನ್ ಪರದೆಗೇ ತಿರುಗಿ ಬರುತ್ತಿತ್ತು. ಸಣ್ಣ ಫೈಲು ಬರೆಯಲೂ ಜಾಗವಿಲ್ಲದಿದ್ದರೆ ಹಾಗೇ. ಕೋಟಾ ತೆಗೆದೆ.

ಕೆಲಸ ಬಿಟ್ಟವರ ಲಾಗಿನ್ನನ್ನು ತಕ್ಷಣ ಅಳಿಸಬೇಡಿ. ಹೊಸ ಲಾಗಿನ್ನು ಸೇರಿಸುವ ಆಡ್‌ಯೂಸರ್ ಆದೇಶ 1000ದಿಂದ ಮೇಲೆ ಖಾಲಿ ಇರುವ ಮೊದಲ ಬಳಕೆದಾರ ನಂಬರನ್ನೇ ಎತ್ತಿಕೊಳ್ಳುತ್ತದೆ, ಫೈಲಿನ ಒಡೆತನ ಈ ನಂಬರಿಗೇ ಅಂಟಿರುತ್ತದೆ. 1004 ಅಳಿಸಿ ಹೊಸ ಹುಡುಗನನ್ನು ಸೇರಿಸಿದಾಗ ಹಳಬರ ಫೈಲೆಲ್ಲ ಅವನ ಹೆಸರಿಗೆ ಬಂದು ಕೂತಿತು. ಬರೀ ಪಾಸ್‌ವರ್ಡ್ ಲಾಕ್ ಕೂಡ ಸಾಲದು, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಇಲ್ಲದೆ ದೂರದಿಂದ ಒಳಬರುವ ಕೀಲಿ) ಇದ್ದರೆ ಒಳಗೆ ಬರಬಹುದು. ಲಾಗಿನ್ನಿನ ಅವಧಿಯನ್ನೇ ಮುಗಿಸಿ: ಯೂಸರ್‌ಮಾಡ್‌ಗೆ ಸಣ್ಣ ಇ (-e), ಮುಂದೆ 1. ಅಳಿಸಲೇಬೇಕಾದರೆ ಅಳಿಸಿದ ಕೂಡಲೇ, ಹೊಸಬರನ್ನು ಸೇರಿಸುವ ಮೊದಲು, ಫೈಂಡ್ ಆದೇಶಕ್ಕೆ ನೋಯೂಸರ್ (-nouser) ಕೊಟ್ಟು ವಾರಸುದಾರರಿಲ್ಲದ ಫೈಲುಗಳನ್ನು ಹುಡುಕಿ ಬೇರೆಯವರ ಹೆಸರಿಗೆ ಬರೆಯಿರಿ. ನಮ್ಮಲ್ಲಿ ಸುಮಾರು ಮುನ್ನೂರು ಸಿಕ್ಕವು, ಅರ್ಧಕ್ಕರ್ಧ ಗುಡ್ ಮಾರ್ನಿಂಗ್ ಚಿತ್ರಗಳು.